ದೊಡ್ಡಪ್ಪನ ಟರ್ನ್‌ಟೇಬಲ್ ಮಾರಬೇಕಾ, ಇಟ್ಟುಕೊಳ್ಳಬೇಕಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಹಳೇ ಹಂಚಿನ ಮನೆ. ದೊಡ್ಡಪ್ಪ 1970ರ ದಶಕದಲ್ಲಿ ಅಮೆರಿಕದಲ್ಲಿ ಕೆಲಸಕ್ಕಿದ್ದರು. ವಾಪಸು ಬರುವಾಗ ಥೋರೆನ್ಸ್ ಟಿಡಿ 160 ಟರ್ನ್‌ಟೇಬಲ್ ಮತ್ತು ಎಆರ್-2ಎಎಕ್ಸ್ ಸ್ಪೀಕರ್ ಜೋಡಿ ತಂದರು. ಬಹಳ ವರ್ಷ ಅವು ಉಪ್ಪರಿಗೆಯಲ್ಲಿ ಮುಚ್ಚಿಟ್ಟೇ ಇದ್ದವು. ಈಗ ಹೊರಗೆ ತೆಗೆದಿದ್ದೇನೆ. ಸ್ಪೀಕರಿನ ದೊಡ್ಡ ಕೋನಿನ ಸುತ್ತ ಇರುವ ಫೋಮ್ ಮುಟ್ಟಿದರೆ ಪುಡಿಯಾಗುತ್ತದೆ. ಟರ್ನ್‌ಟೇಬಲ್‌ಗೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇದೆ, ಬೆಲ್ಟ್ ಹೊಸದು ಹಾಕಿದ್ದೇನೆ. ಆದರೂ ಹಾಡು ನಿಧಾನ, ಗಂಟಲು ದಪ್ಪ. ಯಾರಾದರೂ ನಡೆದರೆ ಸೂಜಿ ಹಾರುತ್ತದೆ. ಶಿವಮೊಗ್ಗದ ಪರಿಚಯದವರೊಬ್ಬರು ತಮ್ಮ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಕೊಡ್ತೇನೆ ಅನ್ನುತ್ತಿದ್ದಾರೆ. ನನ್ನ ಹತ್ತಿರ ಹೊಸ ಬುಕ್‌ಶೆಲ್ಫ್ ಸ್ಪೀಕರ್ ಜೋಡಿಯೂ ಇದೆ, ಹಳೆಯದಕ್ಕಿಂತ ಅದೇ ಚೆನ್ನಾಗಿದೆ ಅನ್ನಿಸಿತು. ಹಳೆಯದನ್ನು ಮಾರಿಬಿಡಲಾ? ಸರಿಯಾಗಿ ಹೋಲಿಸಿ ನೋಡುವುದು ಹೇಗೆ? ಬೂಷ್ಟು ಹಿಡಿದ ಎಲ್‌ಪಿಗಳು, ಅಜ್ಜನ ಕಾಲದ 78ರ (ನಿಮಿಷಕ್ಕೆ 78 ಸುತ್ತಿನ) ಪ್ಲೇಟುಗಳೂ ಇವೆ.

ಉತ್ತರ: ಈಗಲೇ ಏನನ್ನೂ ಮಾರಬೇಡಿ. ನೀವು ಮಾಡಿದ್ದು ಇನ್ನೂ ಹೋಲಿಕೆಯೇ ಅಲ್ಲ. ಫೋಮ್ ಉದುರಿದ ಸ್ಪೀಕರನ್ನು, ತಪ್ಪು ವೇಗದಲ್ಲಿ ಓಡುವ ಟರ್ನ್‌ಟೇಬಲ್ ಮೂಲಕ ಕೇಳಿ, ಹೊಸ ಸ್ಪೀಕರಿನ ಪಕ್ಕ ಇಟ್ಟಿದ್ದೀರಿ. ಹೊಸದು ಗೆಲ್ಲಲೇಬೇಕು. ಮೊದಲು ಹಳೆಯದನ್ನು ಅದರ ಸರಿಯಾದ ಸ್ಥಿತಿಗೆ ತನ್ನಿ. ಆಮೇಲೆ ಹೋಲಿಸಿ. ದುಡ್ಡು ಎಲ್ಲಿ ಹಾಕಬೇಕು ಅನ್ನುವುದು ಆಮೇಲಿನ ಮಾತು.

ಮೊದಲು ಆ ನಿಧಾನದ ವಿಷಯ. ಇದನ್ನು ಕಂಡುಹಿಡಿಯಲು ಯಾವ ಮೀಟರೂ ಬೇಡ. ಪ್ಲ್ಯಾಟರಿನ, ಅಂದರೆ ರೆಕಾರ್ಡ್ ಕೂರುವ ತಟ್ಟೆಯ, ಅಂಚಿಗೆ ಒಂದು ಚೂರು ಬಿಳಿ ಕಾಗದ ಅಂಟಿಸಿ. ಒಂದು ಬೇಡದ ರೆಕಾರ್ಡ್ ಇಟ್ಟು, ಸೂಜಿ ಇಳಿಸಿ ಓಡಿಸಿ. ಫೋನಿನಲ್ಲಿ ಮೂರು ನಿಮಿಷ ಇಟ್ಟುಕೊಂಡು ಕಾಗದ ಎಷ್ಟು ಸಲ ಸುತ್ತಿ ಬಂತು ಎಣಿಸಿ. ಎಲ್‌ಪಿಯ ವೇಗ ನಿಮಿಷಕ್ಕೆ 33⅓ ಸುತ್ತು, ಅಂದರೆ ಮೂರು ನಿಮಿಷಕ್ಕೆ ಸರಿಯಾಗಿ 100. ಎಣಿಕೆ 97, 98 ಬಂದರೆ ಬೆಲ್ಟ್ ಜಾರುತ್ತಿದೆ ಅಥವಾ ಬೇರಿಂಗಿನ ಎಣ್ಣೆ ಗಟ್ಟಿಯಾಗಿದೆ ಅಂತ ಅರ್ಥ. ನಿಮಗೆ 83ರ ಆಸುಪಾಸು ಬರುತ್ತದೆ ಅಂತ ನನ್ನ ಅಂದಾಜು.

ಕಾರಣ ಹೇಳುತ್ತೇನೆ. ಟಿಡಿ 160ರಲ್ಲಿ ಇರುವುದು 16 ಪೋಲಿನ ಸಿಂಕ್ರೊನಸ್ ಮೋಟಾರ್. ಇದರ ವೇಗ ನಿರ್ಧಾರವಾಗುವುದು ವೋಲ್ಟೇಜಿನಿಂದಲ್ಲ, ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಆಡುತ್ತದೆ ಅನ್ನುವ ಲೆಕ್ಕದಿಂದ, ಅಂದರೆ ಹರ್ಟ್ಸ್‌ನಿಂದ. ಅಮೆರಿಕದ 60 ಹರ್ಟ್ಸ್‌ನಲ್ಲಿ ಮೋಟಾರ್ ನಿಮಿಷಕ್ಕೆ 450 ಸುತ್ತು ಸುತ್ತುತ್ತದೆ. ನಮ್ಮ 50 ಹರ್ಟ್ಸ್‌ನಲ್ಲಿ 375 ಅಷ್ಟೇ. ನಿಮ್ಮ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು 110ಕ್ಕೆ ಇಳಿಸುತ್ತದೆ, ಆದರೆ 50 ಹರ್ಟ್ಸನ್ನು 50 ಆಗಿಯೇ ಬಿಡುತ್ತದೆ. ಹಾಗಾಗಿ ಪ್ಲ್ಯಾಟರ್ ಆರರಲ್ಲಿ ಐದು ಪಾಲು ವೇಗದಲ್ಲಿ ಓಡುತ್ತದೆ. ಶ್ರುತಿಯ ಲೆಕ್ಕದಲ್ಲಿ ಇದು ಸಣ್ಣ ವ್ಯತ್ಯಾಸ ಅಲ್ಲ. ಮೂರು ಸ್ವರಸ್ಥಾನ ಕೆಳಗೆ ಬೀಳುತ್ತದೆ. ನಮ್ಮ ಭಾಗವತರ ಭಾಷೆಯಲ್ಲಿ ಹೇಳುವುದಾದರೆ ಬಿಳಿ ಐದರಲ್ಲಿ ಹಾಡಿದ್ದು ಬಿಳಿ ಮೂರರಲ್ಲಿ ಕೇಳಿಸುತ್ತದೆ. ಗಂಟಲು ದಪ್ಪ ಅಂತ ನೀವು ಬರೆದಿದ್ದು ಇದೇ.

ಇದಕ್ಕೆ ಎರಡು ದಾರಿ. ಒಂದು, 50 ಹರ್ಟ್ಸ್‌ಗೆ ಹೊಂದುವ ಪುಲ್ಲಿ (ಬೆಲ್ಟ್ ತಿರುಗಿಸುವ ಮೋಟಾರಿನ ಗಾಲಿ) ತರಿಸಿ ಹಾಕುವುದು. ಈಗಿರುವುದಕ್ಕಿಂತ ಅದರ ಸುತ್ತಳತೆ ಐದನೇ ಒಂದು ಪಾಲು ಜಾಸ್ತಿ. ಪುಲ್ಲಿ ಕೀಳುವಾಗ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಮೋಟಾರಿನ ಶಾಫ್ಟ್ ಕೂದಲೆಳೆಯಷ್ಟು ಬಾಗಿದರೂ ವೇಗ ತೂಗಾಡಲು ಶುರುವಾಗುತ್ತದೆ. ಇನ್ನೊಂದು ದಾರಿ, ಟರ್ನ್‌ಟೇಬಲ್ ಮೋಟಾರಿಗೆಂದೇ ಮಾಡಿದ ಸ್ಪೀಡ್ ಕಂಟ್ರೋಲರ್. ಅದು ಮನೆಯ ಕರೆಂಟನ್ನು ತೆಗೆದುಕೊಂಡು, ತಾನೇ ಹೊಸದಾಗಿ 60 ಹರ್ಟ್ಸ್ 110 ವೋಲ್ಟ್ ಮಾಡಿ ಮೋಟಾರಿಗೆ ಕೊಡುತ್ತದೆ. ಮೋಟಾರಿಗೆ ಬೇಕಾಗುವುದು ಕೆಲವೇ ವ್ಯಾಟ್. ಪುಲ್ಲಿಗಿಂತ ಖರ್ಚು ಜಾಸ್ತಿ, ಆದರೂ ಹಳ್ಳಿ ಮನೆಗೆ ನಾನು ಹೇಳುವುದು ಇದನ್ನೇ.

ಯಾಕೆ ಅಂದರೆ ನಿಮ್ಮ ಮನೆಯಲ್ಲೂ ಯುಪಿಎಸ್ ಇದ್ದೇ ಇರುತ್ತದೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಅದೇ ಗತಿ ಅಲ್ವಾ. ಕಡಿಮೆ ಬೆಲೆಯ ಹಳೇ ಯುಪಿಎಸ್‌ಗಳು ಕೊಡುವುದು ಸ್ಕ್ವೇರ್ ವೇವ್ ಕರೆಂಟ್, ಅಂದರೆ ನುಣುಪಾಗಿ ಏರಿಳಿಯದ ಚೌಕಾಕಾರದ ಅಲೆ. ಬಲ್ಬಿಗೆ, ಫ್ಯಾನಿಗೆ ಹೇಗೋ ನಡೆಯುತ್ತದೆ. ಫ್ಯಾನ್ ಗುಂಯ್ ಅನ್ನುವುದನ್ನು ಕೇಳಿರುತ್ತೀರಿ. ಟರ್ನ್‌ಟೇಬಲ್ ಮೋಟಾರೂ ಹಾಗೇ ಗುಂಯ್ ಅನ್ನುತ್ತದೆ, ಆ ನಡುಕ ಬೆಲ್ಟ್ ಮೂಲಕ ಪ್ಲ್ಯಾಟರಿಗೆ, ಅಲ್ಲಿಂದ ಸೂಜಿಗೆ ಹೋಗುತ್ತದೆ. ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಕೂಡ ಬಿಸಿಯಾಗಿ ಗುನುಗುತ್ತದೆ. ಸೈನ್ ವೇವ್ ಯುಪಿಎಸ್ ಇದ್ದರೆ ತೊಂದರೆಯಿಲ್ಲ. ಇಲ್ಲದಿದ್ದರೆ ಕರೆಂಟು ಹೋದಾಗ ರೆಕಾರ್ಡ್ ಕೇಳಬೇಡಿ.

ಇನ್ನು ನಡೆದರೆ ಸೂಜಿ ಹಾರುವುದು. ಟಿಡಿ 160ರ ಒಳಗೆ ಪ್ಲ್ಯಾಟರೂ ಟೋನ್‌ಆರ್ಮೂ (ಸೂಜಿ ಹಿಡಿದ ಕೋಲು) ಒಂದೇ ಚೌಕಟ್ಟಿನ ಮೇಲೆ ಕೂತು, ಮೂರು ಸ್ಪ್ರಿಂಗ್‌ಗಳ ಮೇಲೆ ತೇಲುತ್ತವೆ. ಸಣ್ಣ ನಡುಕಗಳನ್ನು ತಡೆಯಲು ಇದು ಒಳ್ಳೆಯ ಉಪಾಯ. ಆದರೆ ಹಲಗೆಯ ನೆಲ ಕುಣಿಯುವುದು ಸೆಕೆಂಡಿಗೆ ಕೆಲವೇ ಸಲ, ಸ್ಪ್ರಿಂಗ್ ಕುಣಿಯುವುದೂ ಹೆಚ್ಚುಕಡಿಮೆ ಅದೇ ಗತಿಯಲ್ಲಿ. ಎರಡೂ ಸೇರಿದರೆ ಚೌಕಟ್ಟು ತೊಟ್ಟಿಲಾಗುತ್ತದೆ. ಉಪ್ಪರಿಗೆಯ ಹಲಗೆ ಮೇಲೆ ಇದು ಎಂದೂ ನೆಮ್ಮದಿಯಿಂದ ಕೂರುವುದಿಲ್ಲ. ಕೆಳಗೆ ಪಡಸಾಲೆಗೆ ತನ್ನಿ. ನೆಲಕ್ಕೆ ಗಟ್ಟಿಯಾಗಿ ಕೂತ, ಅಲುಗಾಡದ ಮೇಜು ಬೇಕು. ಮೇಲೆ ಒಂದು ಕಡಪ ಕಲ್ಲು ಇಟ್ಟರೆ ಇನ್ನೂ ಒಳ್ಳೆಯದು. ಗೋಡೆಗೆ ಬ್ರಾಕೆಟ್ ಹೊಡೆಯುವ ಯೋಚನೆ ಇದ್ದರೆ ಮೊದಲು ಗೋಡೆ ಯಾವುದು ನೋಡಿ. ಮಣ್ಣಿನ ಗೋಡೆಯಲ್ಲಿ ಸ್ಕ್ರೂ ನಿಲ್ಲುವುದಿಲ್ಲ. ಜಂಬಿಟ್ಟಿಗೆ ಕಲ್ಲಿನ ಗೋಡೆಯಾದರೆ ಉದ್ದದ ಆಂಕರ್ ಬೋಲ್ಟ್ ಹಿಡಿಯುತ್ತದೆ.

ಜಾಗ ಸರಿಯಾದ ಮೇಲೆ ಮಟ್ಟ ನೋಡಿ. ಮರಗೆಲಸದವರ ಸಣ್ಣ ರಸಮಟ್ಟ ಸಾಕು. ಪ್ಲ್ಯಾಟರನ್ನು ಮೆಲ್ಲಗೆ ಒತ್ತಿ ಬಿಟ್ಟಾಗ ಅದು ನೇರ ಮೇಲೆ ಕೆಳಗೆ ಆಡಬೇಕು. ಪಕ್ಕಕ್ಕೆ ತೂರಾಡಿದರೆ ಸ್ಪ್ರಿಂಗ್‌ಗಳ ನಟ್ಟು ಸ್ವಲ್ಪ ಸ್ವಲ್ಪ ತಿರುಗಿಸಿ ಸರಿಮಾಡಬೇಕು. ಬೇರಿಂಗಿನ ಹಳೇ ಎಣ್ಣೆ ಒರೆಸಿ, ತೆಳು ಮೆಷಿನ್ ಎಣ್ಣೆ ಕೆಲವು ಹನಿ ಹಾಕಿ. ಕೊಬ್ಬರಿ ಎಣ್ಣೆ ಬೇಡ, ಗಟ್ಟಿಯಾಗುತ್ತದೆ. ಬೆಲ್ಟಿಗೆ ಎಣ್ಣೆ ಕೈ ತಾಗಿಸಬೇಡಿ.

ಸೂಜಿಯ ಬಗ್ಗೆ ನೀವು ಏನೂ ಬರೆದಿಲ್ಲ. ನನಗೆ ಹೆಚ್ಚು ಚಿಂತೆ ಅದರದ್ದೇ. ವಜ್ರದ ಸೂಜಿಯ ಆಯುಸ್ಸು ಸಾಮಾನ್ಯವಾಗಿ 500ರಿಂದ 1000 ಗಂಟೆ. ಬಳಸದೇ ಇಟ್ಟಿದ್ದರೂ ಅದನ್ನು ಹಿಡಿದ ಪುಟ್ಟ ರಬ್ಬರು ಇಷ್ಟು ವರ್ಷದಲ್ಲಿ ಗಟ್ಟಿಯಾಗಿರುತ್ತದೆ ಇಲ್ಲವೇ ಜೋತುಬಿದ್ದಿರುತ್ತದೆ. ಅಂಥ ಸೂಜಿ ಹಾಡನ್ನು ಕೆಡಿಸುವುದಷ್ಟೇ ಅಲ್ಲ, ರೆಕಾರ್ಡಿನ ಗೆರೆಯನ್ನೇ ಕೆರೆದುಹಾಕುತ್ತದೆ. ಕೆರೆದ ಗೆರೆ ಮತ್ತೆ ಬರುವುದಿಲ್ಲ. ಹಾಗಾಗಿ ಒಳ್ಳೆಯ ರೆಕಾರ್ಡ್ ಯಾವುದನ್ನೂ ಹಳೇ ಸೂಜಿಯಲ್ಲಿ ಕೇಳಬೇಡಿ, ಪರೀಕ್ಷೆಗೂ ಬೇಡ.

ನಿಮ್ಮದರಲ್ಲಿ ಶೂರ್ ಕಂಪನಿಯ ಕಾರ್ಟ್ರಿಜ್ (ಸೂಜಿ ಕೂರುವ ಪುಟ್ಟ ಡಬ್ಬಿ) ಇದ್ದರೆ ಕಂಪನಿ 2018ರಲ್ಲಿ ಕಾರ್ಟ್ರಿಜ್ ಮಾಡುವುದನ್ನೇ ನಿಲ್ಲಿಸಿತು. ಜಪಾನಿನ ಜಿಕೊ ಇನ್ನೂ ಅದಕ್ಕೆ ಹೊಂದುವ ಸೂಜಿ ಮಾಡುತ್ತದೆ. ಹೊಸ ಕಾರ್ಟ್ರಿಜ್ಜೇ ಹಾಕುವುದಾದರೆ ಆಡಿಯೊ-ಟೆಕ್ನಿಕಾದ ವಿಎಂ95 ಸಾಲು ನಿಮಗೆ ಸರಿಹೋಗುತ್ತದೆ. ಅದರ ದೊಡ್ಡ ಅನುಕೂಲ ಏನೆಂದರೆ ದೇಹ ಒಂದೇ, ಸೂಜಿ ಮಾತ್ರ ಬದಲಿಸಬಹುದು. ಮೊದಲು ಎಲಿಪ್ಟಿಕಲ್ (ಅಂಡಾಕಾರದ ತುದಿಯ) ಸೂಜಿಯ ಕಡಿಮೆ ಬೆಲೆಯದು ಹಾಕಿ. ಮುಂದೆ ಮನಸ್ಸಾದರೆ ಅದೇ ದೇಹಕ್ಕೆ ಇನ್ನೂ ಸೂಕ್ಷ್ಮ ತುದಿಯ ಮೈಕ್ರೊಲೈನ್ ಸೂಜಿ ಸಿಕ್ಕಿಸಿದರಾಯಿತು. ಎಲ್‌ಪಿಯ ಒಳಗಿನ ಗೆರೆಗಳಲ್ಲಿ, ಅಂದರೆ ಪ್ರತಿ ಬದಿಯ ಕೊನೆಯ ಹಾಡಿನಲ್ಲಿ, ಸ ಕಾರ ಶ ಕಾರ ಚರಚರ ಅನ್ನುವುದು ಅದರಲ್ಲಿ ಎಷ್ಟೋ ಕಡಿಮೆ. ಸೂಜಿಯ ಭಾರ 2 ಗ್ರಾಂ ಇಡಿ. ಆರ್ಮಿನ ಮೇಲಿನ ಗುರುತನ್ನು ನಂಬದೆ ಸಣ್ಣ ಡಿಜಿಟಲ್ ತಕ್ಕಡಿಯಲ್ಲೇ ತೂಗಿ. ಭಾರ ಕಡಿಮೆ ಇಟ್ಟರೆ ರೆಕಾರ್ಡಿಗೆ ಒಳ್ಳೆಯದು ಅಂತ ಎಷ್ಟೋ ಜನ ತಿಳಿದಿದ್ದಾರೆ. ಆಗುವುದು ಉಲ್ಟಾ. ಹಗುರ ಸೂಜಿ ಗೆರೆಯಲ್ಲಿ ನಿಲ್ಲದೆ ಗೋಡೆಯಿಂದ ಗೋಡೆಗೆ ಬಡಿಯುತ್ತದೆ.

ನೀವು ಮಾಡುವ ಖರ್ಚಿನಲ್ಲಿ ಕಿವಿಗೆ ಅತಿ ಹೆಚ್ಚು ವ್ಯತ್ಯಾಸ ಕೊಡುವುದು ಈ ಸೂಜಿ ಮತ್ತು ಸ್ಪೀಕರಿನ ಫೋಮ್. ಕೇಬಲ್, ಬಂಗಾರದ ಪಿನ್ನು, ಪ್ಲ್ಯಾಟರಿನ ಮೇಲಿನ ದುಬಾರಿ ಮ್ಯಾಟು, ಇವು ಯಾವುದೂ ಸದ್ಯಕ್ಕೆ ಬೇಡ.

ಈಗ ಸ್ಪೀಕರ್. ಎಆರ್, ಅಂದರೆ ಅಕೌಸ್ಟಿಕ್ ರಿಸರ್ಚ್ ಕಂಪನಿಯ ಹೆಸರು ನಿಂತಿರುವುದೇ ಒಂದು ಯೋಚನೆಯ ಮೇಲೆ. 1954ರಲ್ಲಿ ಎಡ್ಗರ್ ವಿಲ್ಚರ್ ಅವರು ಗಾಳಿ ಆಡದಂತೆ ಪೂರ್ತಿ ಮುಚ್ಚಿದ ಸಣ್ಣ ಬಾಕ್ಸಿನಲ್ಲಿ, ತುಂಬ ಸಡಿಲ ಕೋನಿನ ವೂಫರ್ (ಬೇಸ್ ಬಾರಿಸುವ ದೊಡ್ಡ ಸ್ಪೀಕರ್) ಇಟ್ಟು ಆಳವಾದ ಬೇಸ್ ತೆಗೆದು ತೋರಿಸಿದರು. ಕೋನನ್ನು ವಾಪಸು ತಳ್ಳುವ ಸ್ಪ್ರಿಂಗ್ ಕೆಲಸವನ್ನು ಒಳಗಿನ ಗಾಳಿಯೇ ಮಾಡುತ್ತದೆ. ಸೈಕಲ್ ಪಂಪಿನ ಬಾಯಿಗೆ ಬೆರಳಿಟ್ಟು ಒತ್ತಿದಾಗ ಹಿಡಿ ವಾಪಸು ಬರುತ್ತದಲ್ಲ, ಹಾಗೆ. ನಿಮ್ಮ 2ಎಎಕ್ಸ್ ಅದೇ ಜಾತಿಯದು, ಹತ್ತು ಇಂಚಿನ ವೂಫರ್, ಮಧ್ಯದ ಸ್ವರಗಳಿಗೊಂದು ಮಿಡ್, ಮೇಲಿನ ಸ್ವರಗಳಿಗೊಂದು ಟ್ವೀಟರ್. ಇಂಥದ್ದರಲ್ಲಿ ಫೋಮ್ ಹೋದರೆ ಬರೀ ಅಂಚು ಹೋದಂತಲ್ಲ. ಗಾಳಿ ಸೋರುತ್ತದೆ, ಸ್ಪ್ರಿಂಗೇ ಇಲ್ಲದಂತಾಗುತ್ತದೆ. ಕೋನ್ ದಾರಿ ತಪ್ಪಿ, ಅದಕ್ಕೆ ಅಂಟಿದ ತಂತಿ ಸುರುಳಿ, ಅಂದರೆ ವಾಯ್ಸ್ ಕಾಯಿಲ್, ಮ್ಯಾಗ್ನೆಟ್ಟಿಗೆ ಉಜ್ಜುತ್ತದೆ. ಆದ್ದರಿಂದ ರಿಪೇರಿ ಆಗುವವರೆಗೆ ಅವನ್ನು ಬಾರಿಸಬೇಡಿ.

ಫೋಮ್ ಪುಡಿಯಾಗಿದ್ದು ನಿಮ್ಮ ಅಲಕ್ಷ್ಯದಿಂದಲ್ಲ. ಆ ಪಾಲಿಯುರೆಥೇನ್ ಫೋಮನ್ನು ಗಾಳಿಯ ತೇವಾಂಶವೇ ನಿಧಾನಕ್ಕೆ ಒಡೆಯುತ್ತದೆ. ಒಣ ಊರಲ್ಲೂ ಹತ್ತಿಪ್ಪತ್ತು ವರ್ಷಕ್ಕೆ ಹೋಗುವ ವಸ್ತು. ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಆಗುಂಬೆಯ ತಾಲ್ಲೂಕಿನಲ್ಲಿ ಅದು ಉಳಿಯುತ್ತದೆಯೇ?

ಫೋಮ್ ಬದಲಿಸುವುದನ್ನು ತಾಳ್ಮೆ ಇದ್ದರೆ ಮನೆಯಲ್ಲೇ ಮಾಡಬಹುದು. ವೂಫರ್ ಬಿಚ್ಚುವ ಮೊದಲು ಎರಡು ಪರೀಕ್ಷೆ ಮಾಡಿ. ಮಲ್ಟಿಮೀಟರಿನಲ್ಲಿ ಓಮ್ಸ್ ನೋಡಿ, 8 ಓಮ್ಸ್ ಸ್ಪೀಕರಿಗೆ ಐದರಿಂದ ಏಳರ ಒಳಗೆ ತೋರಿಸಿದರೆ ಸರಿ. ಕೋನನ್ನು ಎರಡೂ ಬದಿ ಬೆರಳಿಟ್ಟು ಸಮವಾಗಿ ಮೆಲ್ಲಗೆ ಒತ್ತಿ. ಸದ್ದಿಲ್ಲದೆ ಒಳಹೋಗಿ ಬಂದರೆ ಕಾಯಿಲ್ ಚೆನ್ನಾಗಿದೆ. ಪರಪರ ಅಂದರೆ ಕೇಂದ್ರ ತಪ್ಪಿದೆ ಅಥವಾ ಕಾಯಿಲ್ ಸುಟ್ಟಿದೆ.

ಆಮೇಲೆ ಹಳೇ ಫೋಮ್ ಮತ್ತು ಅಂಟನ್ನು ಕೋನಿನಿಂದ ಬಿಡಿಸಬೇಕು. ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಅಂಚನ್ನು ಸ್ವಲ್ಪ ಸ್ವಲ್ಪವೇ ನೆನೆಸಿ. ಐದು ನಿಮಿಷ ಬಿಟ್ಟರೆ ಅಂಟು ಕಂದು ಬಣ್ಣದ ಜಿಗುಟಾಗುತ್ತದೆ. ಬಿದಿರಿನ ಕಡ್ಡಿಯ ಚಪ್ಪಟೆ ತುದಿಯಿಂದ ಉರುಳಿಸಿ ತೆಗೆಯಿರಿ. ಬ್ಲೇಡ್ ಬೇಡ, ಕಾಗದದ ಕೋನ್ ಹರಿದುಹೋಗುತ್ತದೆ. ಈ ಸ್ವಚ್ಛತೆಯಲ್ಲೇ ಅರ್ಧ ದಿನ ಹೋಗುತ್ತದೆ, ಹೋಗಲಿ. ಹೊಸ ಫೋಮನ್ನು ಮೊದಲು ಕೋನಿಗೆ ಮಾತ್ರ ಅಂಟಿಸಿ ಒಣಗಲು ಬಿಡಿ. ಚೌಕಟ್ಟಿಗೆ ಅಂಟಿಸುವಾಗ ಆಂಪ್ಲಿಫೈಯರಿನಿಂದ 30 ಹರ್ಟ್ಸ್ ಸದ್ದನ್ನು ತೀರ ಸಣ್ಣದಾಗಿ ಕೊಟ್ಟಿರಿ. ಕೋನ್ ಮೆಲ್ಲಗೆ ಆಡುತ್ತಿರುತ್ತದೆ. ಉಜ್ಜುವ ಸದ್ದು ಬಂದ ಕಡೆ ಫೋಮನ್ನು ಸ್ವಲ್ಪ ಸರಿಸಿ, ಸದ್ದು ನಿಂತ ಜಾಗದಲ್ಲಿ ಒತ್ತಿ ಹಿಡಿಯಿರಿ. ಒಂದು ಇಡೀ ದಿನ ಮುಟ್ಟಬೇಡಿ. ಮಳೆಗಾಲದಲ್ಲಿ ಎರಡು ದಿನ.

ಒಂದು ಎಚ್ಚರಿಕೆ. ಮೈಕ್ ಸೆಟ್ಟಿನ ಸ್ಪೀಕರ್ ರಿಪೇರಿ ಮಾಡುವ ಕಡೆ ಕೊಟ್ಟರೆ ಬಟ್ಟೆ ಅಂಚಿನ ಗಟ್ಟಿ ಕೋನ್ ಹಾಕಿ ಕೊಡಬಹುದು. ಅವರ ಕೆಲಸ ಅವರ ಸ್ಪೀಕರುಗಳಿಗೆ ಸರಿ, ಜಾತ್ರೆ ಮೈದಾನದಲ್ಲಿ ಅದೇ ಬೇಕು. ನಿಮ್ಮ ವೂಫರಿಗೆ ಅದು ಸಲ್ಲ. ಗಟ್ಟಿ ಅಂಚು ಬಂದರೆ ಕೆಳಗಿನ ಬೇಸ್ ಹೊರಟುಹೋಗುತ್ತದೆ, ಆಗ ಅದು ಎಆರ್ ಅಲ್ಲ. ಇದೇ ವೂಫರಿಗೆಂದು ಮಾಡಿದ ಮೃದು ಫೋಮ್ ಕಿಟ್ಟನ್ನೇ ತರಿಸಿ.

ಬಾಕ್ಸಿನ ಹಿಂದೆ ಎರಡು ತಿರುಗಣೆ ಇವೆ ನೋಡಿ, ಮಿಡ್ ಮತ್ತು ಟ್ವೀಟರಿನ ಮಟ್ಟಕ್ಕೆ. ಈ ಸ್ಪೀಕರಿನ ಪ್ರಸಿದ್ಧ ಕಾಯಿಲೆ ಇರುವುದು ಅಲ್ಲೇ. ಒಳಗೆ ಕಿಲುಬು ಹಿಡಿದು ಟ್ವೀಟರಿಗೆ ಸಿಗ್ನಲ್ಲೇ ಹೋಗುವುದಿಲ್ಲ. ಟ್ವೀಟರ್ ಸುಟ್ಟಿದೆ ಅಂತ ಎಷ್ಟೋ ಜನ ಹೊಸದು ಹುಡುಕಲು ಹೊರಡುತ್ತಾರೆ. ನಿಮಗೆ ಹೊಸ ಸ್ಪೀಕರ್ ಸ್ಪಷ್ಟವಾಗಿ, ಹಳೆಯದು ಕಂಬಳಿ ಹೊದ್ದಂತೆ ಕೇಳಿಸಿದ್ದಕ್ಕೆ ಇದೇ ಕಾರಣ ಇರಬಹುದು. ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟು ಎರಡೂ ಕಡೆಗೆ ಹತ್ತಾರು ಸಲ ತಿರುಗಿಸಿ. ಜೀವ ಬಂದರೆ ಸರಿ, ಇಲ್ಲದಿದ್ದರೆ ಬಿಚ್ಚಿ ಒಳಗಿನ ಪಟ್ಟಿ ಉಜ್ಜಬೇಕು ಅಥವಾ ತಿರುಗಣೆಯ ಬದಲಿಗೆ ಹೊಸ ಎಲ್-ಪ್ಯಾಡ್ (ಮಟ್ಟ ಹೊಂದಿಸುವ ಭಾಗ) ಹಾಕಬೇಕು. ಒಳಗಿನ ಫೈಬರ್‌ಗ್ಲಾಸ್ ಮುಟ್ಟುವಾಗ ಕೈಗವಸು, ಮಾಸ್ಕ್ ಹಾಕಿ. ಎಷ್ಟು ತೆಗೆದಿರೋ ಅಷ್ಟನ್ನೇ ವಾಪಸು ತುಂಬಿ.

ಕ್ರಾಸ್‌ಓವರಿನ, ಅಂದರೆ ಸದ್ದನ್ನು ವೂಫರ್, ಮಿಡ್, ಟ್ವೀಟರಿಗೆ ಹಂಚುವ ಸರ್ಕ್ಯೂಟಿನ, ಕಂಡೆನ್ಸರ್‌ಗಳನ್ನು ಅಳೆದು ನೋಡಿ ನಿರ್ಧರಿಸಿ. ಮೇಲೆ ಬರೆದಿರುವ ಮೈಕ್ರೊಫ್ಯಾರಡ್ ಅಂಕಿಗಿಂತ ಐದನೇ ಒಂದು ಪಾಲು ಆಚೀಚೆ ಹೋಗಿದ್ದರೆ ಬದಲಿಸಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ನಾನ್-ಪೋಲಾರ್ ಕಂಡೆನ್ಸರೂ ಫಿಲ್ಮ್ ಕಂಡೆನ್ಸರೂ ಹುಡುಕಿದರೆ ಸಿಗುತ್ತವೆ. ಮೈಕ್ರೊಫ್ಯಾರಡ್ ಅದೇ ಇರಬೇಕು. ಜಾಸ್ತಿ ಹಾಕಿದರೆ ಜಾಸ್ತಿ ಒಳ್ಳೆಯದು ಅನ್ನುವುದು ಇಲ್ಲಿ ನಡೆಯದು, ಸ್ಪೀಕರಿನ ಸ್ವಭಾವವೇ ಬದಲಾಗುತ್ತದೆ. ತಂತಿ ಸುತ್ತಿದ ಕಾಯಿಲ್‌ಗಳಿಗೆ ವಯಸ್ಸಾಗುವುದಿಲ್ಲ, ಮುಟ್ಟಬೇಡಿ. ಎಲ್ಲ ಜೋಡಿಸಿದ ಮೇಲೆ 1.5 ವೋಲ್ಟಿನ ಟಾರ್ಚ್ ಸೆಲ್ಲನ್ನು ಒಂದು ಕ್ಷಣ ತಾಗಿಸಿ. ಪ್ಲಸ್ಸಿಗೆ ಪ್ಲಸ್ ತಾಗಿದಾಗ ಎರಡೂ ಬಾಕ್ಸಿನ ವೂಫರ್ ಒಂದೇ ಕಡೆಗೆ ಚಿಮ್ಮಬೇಕು. ಒಂದು ಒಳಗೆ ಒಂದು ಹೊರಗೆ ಹೋದರೆ ತಂತಿ ಅದಲುಬದಲಾಗಿದೆ.

ಇಷ್ಟಾದ ಮೇಲೆ ಹೋಲಿಕೆ. ಇಲ್ಲಿ ಜನ ಮೋಸಹೋಗುವುದು ಒಂದೇ ಕಡೆ, ಸದ್ದಿನ ಮಟ್ಟದಲ್ಲಿ. ಎರಡು ಸ್ಪೀಕರುಗಳಲ್ಲಿ ಒಂದು ಒಂದೇ ಡೆಸಿಬೆಲ್ ಜೋರಾಗಿದ್ದರೂ ನಮಗೆ ಅದು ಜೋರು ಅಂತ ಅನ್ನಿಸುವುದಿಲ್ಲ, ಚೆನ್ನಾಗಿದೆ ಅಂತ ಅನ್ನಿಸುತ್ತದೆ. ಬೇಸ್ ತುಂಬಿ ಬಂದಂತೆ, ವಿವರ ಹೆಚ್ಚಿದಂತೆ ಕೇಳುತ್ತದೆ. ಮುಚ್ಚಿದ ಬಾಕ್ಸಿನ ಹಳೇ ಸ್ಪೀಕರುಗಳು ಒಂದೇ ವ್ಯಾಟಿಗೆ ಕಡಿಮೆ ಸದ್ದು ಮಾಡುತ್ತವೆ. ಎರಡು ಜೋಡಿಗಳ ನಡುವೆ 6 ಡೆಸಿಬೆಲ್ ವ್ಯತ್ಯಾಸ ಇದ್ದರೆ ಸಮ ಮಾಡಲು ನಾಲ್ಕು ಪಟ್ಟು ಪವರ್ ಬೇಕು. ವಾಲ್ಯೂಮನ್ನು ಒಂದೇ ಗುರುತಿನಲ್ಲಿ ಇಟ್ಟು ಹೋಲಿಸಿದರೆ ಆ ಹೋಲಿಕೆಗೆ ಬೆಲೆಯಿಲ್ಲ.

ಹೀಗೆ ಮಾಡಿ. ನೀವು ಕೂರುವ ಜಾಗದಲ್ಲಿ, ಕಿವಿಯ ಎತ್ತರಕ್ಕೆ ಫೋನ್ ನಿಲ್ಲಿಸಿ. ಸದ್ದು ಅಳೆಯುವ ಆ್ಯಪ್ ಹಾಕಿಕೊಳ್ಳಿ. ಪಿಂಕ್ ನಾಯ್ಸ್ (ಪರೀಕ್ಷೆಗೆ ಬಳಸುವ, ಸುಂಯ್ ಅನ್ನುವ ಒಂದೇ ಮಟ್ಟದ ಸದ್ದು) ಬಾರಿಸಿ. ಮೊದಲ ಜೋಡಿಗೆ 75 ಬಂದರೆ ಎರಡನೆಯದಕ್ಕೂ 75 ಬರುವಲ್ಲಿ ವಾಲ್ಯೂಮ್ ಗುರುತು ಹಾಕಿಕೊಳ್ಳಿ. ಫೋನಿನ ಲೆಕ್ಕ ನಿಜವಾದ ಡೆಸಿಬೆಲ್ ಆಗಿರಬೇಕಿಲ್ಲ, ಎರಡಕ್ಕೂ ಒಂದೇ ಇದ್ದರೆ ಸಾಕು. ಟೋನ್ ಕಂಟ್ರೋಲ್ ನೇರ ಇಡಿ, ಲೌಡ್‌ನೆಸ್ ಬಟನ್ ಆಫ್ ಇರಲಿ. ಎರಡೂ ಜೋಡಿಯನ್ನು ಒಂದೇ ಜಾಗದಲ್ಲಿ ಇಟ್ಟು ಕೇಳಿ, ಪಕ್ಕಪಕ್ಕ ಅಲ್ಲ. ಒಂದಡಿ ಸರಿದರೂ ಬೇಸ್ ಬದಲಾಗುತ್ತದೆ. ತಂತಿ ಬದಲಿಸುವ ಕೆಲಸ ಮನೆಯಲ್ಲಿ ಯಾರಿಗಾದರೂ ವಹಿಸಿ. ಮುಂದೆ ತೆಳು ಪಂಚೆಯ ಪರದೆ ಕಟ್ಟಿ, ಯಾವುದು ಬಾರಿಸುತ್ತಿದೆ ಅಂತ ನಿಮಗೆ ಗೊತ್ತಾಗದಿರಲಿ. ಒಂದೊಂದು ತುಣುಕು ಒಂದು ನಿಮಿಷದ ಒಳಗೆ ಇರಲಿ.

ಏನು ಕೇಳಬೇಕು? ನಮ್ಮ ಸಂಗೀತದಲ್ಲಿ ಇದಕ್ಕೆ ಒಳ್ಳೊಳ್ಳೆ ಸಾಮಗ್ರಿ ಇದೆ. ಟರ್ನ್‌ಟೇಬಲ್ ಪರೀಕ್ಷೆಗೆ ತಂಬೂರಿಗಿಂತ ಬೇರೆ ಬೇಡ. ಹಾಡುಗಾರರು ಶುರು ಮಾಡುವ ಮೊದಲಿನ ಆ ಕೆಲವು ಸೆಕೆಂಡು ಕಿವಿಗೊಡಿ. ಷಡ್ಜ ಅಲುಗದೆ ನಿಂತಿದೆಯಾ, ಅಥವಾ ಪ್ರತಿ ಸುತ್ತಿಗೆ ಒಮ್ಮೆ ಸಣ್ಣಗೆ ಏರಿಳಿಯುತ್ತಿದೆಯಾ? ಏರಿಳಿದರೆ ರೆಕಾರ್ಡಿನ ರಂಧ್ರ ಕೇಂದ್ರದಲ್ಲಿಲ್ಲ ಅಥವಾ ರೆಕಾರ್ಡ್ ಬಾಗಿದೆ. ಸುತ್ತಿಗೆ ಸಂಬಂಧವಿಲ್ಲದೆ ನಡುಗಿದರೆ ಮೋಟಾರು, ಬೆಲ್ಟು. ಸ್ಪೀಕರಿಗೆ ಮೃದಂಗ. ಎಡಗಡೆಯ ತೊಪ್ಪಿಯ ಗುಮ್ಮು ಹುಟ್ಟಿ, ಬಾಗಿ, ಮುಗಿಯುವುದು ಕೇಳಬೇಕು. ಬರೀ ಧಂ ಅಂತ ಉಳಿದುಕೊಂಡರೆ ಅದು ಬೇಸ್ ಅಲ್ಲ, ಬಾಕ್ಸಿನ ಅಥವಾ ಕೋಣೆಯ ಗದ್ದಲ. ದೊರೆಸ್ವಾಮಿ ಅಯ್ಯಂಗಾರರ ವೀಣೆಯ ರೆಕಾರ್ಡ್ ಇದ್ದರೆ ಉಗುರು ತಂತಿಗೆ ತಾಗುವ ಸದ್ದನ್ನೂ, ಆಮೇಲೆ ಎಳೆದ ಗಮಕವನ್ನೂ ಬೇರೆ ಬೇರೆಯಾಗಿ ಗಮನಿಸಿ. ಮೊದಲನೆಯದು ಟ್ವೀಟರಿನ ಕೆಲಸ, ಎರಡನೆಯದು ಮಿಡ್‌ನದು. ಎರಡೂ ಒಂದೇ ವಾದ್ಯದಿಂದ ಬಂದಂತೆ ಕೇಳಬೇಕು. ಮಲ್ಲಿಕಾರ್ಜುನ ಮನ್ಸೂರರಂಥ ಗಂಟಲಿನ ಹಾಡುಗಾರಿಕೆಯನ್ನು ಒಂದೇ ಸ್ಪೀಕರಿನಲ್ಲಿ, ಮೊನೊದಲ್ಲಿ ಕೇಳಿ. ಎದುರಿಗೆ ಮನುಷ್ಯ ಕೂತಂತೆ ಅನ್ನಿಸಿದರೆ ಸ್ಪೀಕರ್ ಚೆನ್ನಾಗಿದೆ. ಪೆಟ್ಟಿಗೆಯಿಂದ, ಮೂಗಿನಿಂದ ಬಂದಂತಿದ್ದರೆ ಇಲ್ಲ.

ನಿಮ್ಮ ಬುಕ್‌ಶೆಲ್ಫ್ ಸ್ಪೀಕರಿನ ಹಿಂದೆ ಗಾಳಿಯ ರಂಧ್ರ ಇದ್ದರೆ ಎರಡರ ಬೇಸ್ ಸ್ವಭಾವವೇ ಬೇರೆ. ರಂಧ್ರದ ಸ್ಪೀಕರ್ ಒಂದು ಹಂತದವರೆಗೆ ಬೇಸ್ ತುಂಬಿ ಕೊಟ್ಟು, ಅಲ್ಲಿಂದ ಕೆಳಗೆ ಒಂದು ಸ್ಥಾಯಿಗೆ 24 ಡೆಸಿಬೆಲ್‌ನಂತೆ ಧುಮುಕುತ್ತದೆ. ಮುಚ್ಚಿದ ಬಾಕ್ಸ್ 12 ಡೆಸಿಬೆಲ್‌ನಂತೆ ನಿಧಾನಕ್ಕೆ ಇಳಿಯುತ್ತದೆ. ಮೃದಂಗ, ತಬಲಾದ ಎಡ, ಘಟ ಇವುಗಳಿಗೆ ನನ್ನ ಕಿವಿ ಮುಚ್ಚಿದ ಬಾಕ್ಸನ್ನೇ ಮೆಚ್ಚುತ್ತದೆ. ಸಿನಿಮಾ ನೋಡುವುದೂ ಇದ್ದರೆ ನಿಮಗೆ ಬೇರೆಯದು ಇಷ್ಟವಾಗಬಹುದು. ಅಂದ ಹಾಗೆ ಆ ರಂಧ್ರಕ್ಕೆ ಸೊಳ್ಳೆಪರದೆಯ ಚೂರು ಕಟ್ಟಿ. ನಮ್ಮ ಕಡೆ ಕುಂಬಾರ ಹುಳ ಅದರೊಳಗೆ ಮಣ್ಣಿನ ಗೂಡು ಕಟ್ಟುತ್ತದೆ.

ಕೋಣೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. 12 ಅಡಿ ಅಂತರದ ಎರಡು ಗಟ್ಟಿ ಗೋಡೆಗಳ ನಡುವೆ 47 ಹರ್ಟ್ಸ್ ಆಸುಪಾಸಿನ ಸದ್ದು ತಾನೇ ಉಬ್ಬುತ್ತದೆ. ಸ್ಪೀಕರನ್ನು ಮೂಲೆಗೆ ತಳ್ಳಿದರೆ ಇನ್ನೂ ಜಾಸ್ತಿ. ಎರಡಡಿಯಾದರೂ ಮುಂದೆ ತನ್ನಿ, ಟ್ವೀಟರ್ ಕಿವಿಯ ಎತ್ತರಕ್ಕೆ ಬರಲಿ. ಮರದ ಮುಚ್ಚಿಗೆ ಇರುವ ಪಡಸಾಲೆ ಸಂಗೀತಕ್ಕೆ ಚೆನ್ನಾಗಿರುತ್ತದೆ. ನುಣುಪು ಕಾವಿ ನೆಲ ಮಾತ್ರ ಸದ್ದನ್ನು ಎಸೆಯುತ್ತದೆ, ಮುಂದೆ ಒಂದು ದಪ್ಪ ಜಮಖಾನ ಹಾಸಿ. ಮತ್ತೆ, ಈ ಹೋಲಿಕೆಯನ್ನು ಪುನರ್ವಸು ಪುಷ್ಯ ಮಳೆಯಲ್ಲಿ ಮಾಡಬೇಡಿ. ಹಂಚಿನ ಮೇಲೆ ಮಳೆ ಸುರಿಯುವಾಗ ತಂಬೂರಿಯ ಸೂಕ್ಷ್ಮ ಯಾರಿಗೂ ಕೇಳುವುದಿಲ್ಲ.

ಎಲ್‌ಪಿಯ ಬೂಷ್ಟಿಗೆ ಹೆದರಬೇಡಿ. ಅಂಗಳದಲ್ಲಿ, ನೆರಳಿನಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೊದಲು ಮೆತ್ತನೆ ಬ್ರಷ್ಷಿನಿಂದ ಒಣಗಿದ್ದಂತೆಯೇ ಉದುರಿಸಿ. ಆಮೇಲೆ ಬ್ಯಾಟರಿ ನೀರು ನಾಲ್ಕು ಪಾಲು, ಐಸೊಪ್ರೊಪೈಲ್ ಒಂದು ಪಾಲು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಬೆರೆಸಿ, ಗೆರೆಯ ಗುಂಟ ಒರೆಸಿ. ಬ್ಯಾಟರಿ ನೀರು ಅಂದರೆ ಖನಿಜ ತೆಗೆದ ನೀರು. ಆ್ಯಸಿಡ್ ತುಂಬಿದ ಡಬ್ಬಿ ತಂದುಬಿಡಬೇಡಿ, ಕೇಳಿ ತನ್ನಿ. ಕೊನೆಗೆ ಬರೀ ಬ್ಯಾಟರಿ ನೀರಿನಲ್ಲಿ ತೊಳೆದು ನಿಲ್ಲಿಸಿ ಒಣಗಿಸಿ. ಲೇಬಲ್ ನೆನೆಯಬಾರದು, ಬಿಸಿಲು ತಾಗಬಾರದು. ಒಳಗಿನ ಹಳೇ ಕಾಗದದ ಕವರ್ ಎಸೆಯಿರಿ, ಬೂಷ್ಟಿನ ಬೀಜ ಅದರಲ್ಲೇ ಇರುತ್ತದೆ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಅಂತ ರೆಕಾರ್ಡ್ ಅಲ್ಲಿಡುವವರಿದ್ದಾರೆ. ಅಲ್ಲಿ ಬೂಷ್ಟು ಬರದಿದ್ದರೂ ಪ್ಲೇಟು ಬಾಗುತ್ತದೆ. ಮರದ ಕಪಾಟಿನಲ್ಲಿ ನೇರ ನಿಲ್ಲಿಸಿ ಇಡಿ. ಕೆಳಗಿನ ಅರೆಯಲ್ಲಿ 15 ವ್ಯಾಟಿನ ಹಳೇ ಮಾದರಿ ಬಲ್ಬನ್ನು, ಬಟ್ಟೆ ಕಾಗದ ತಾಗದಂತೆ, ಮಳೆಗಾಲದಲ್ಲಿ ದಿನಕ್ಕೆ ಕೆಲವು ಗಂಟೆ ಉರಿಸಿ. ರೆಕಾರ್ಡ್ ಬಲ್ಬಿನಿಂದ ದೂರ ಇರಲಿ.

78ರ ಪ್ಲೇಟುಗಳಿಗೆ ಈ ಔಷಧ ಹಾಕಲೇಬೇಡಿ. ಅವು ಅರಗಿನಿಂದ ಮಾಡಿದವು, ಆಲ್ಕೊಹಾಲ್ ಅರಗನ್ನು ಕರಗಿಸುತ್ತದೆ. ಸಾಬೂನಿನ ನೀರಿನಲ್ಲಿ ಬೇಗ ಒರೆಸಿ ಬೇಗ ಒಣಗಿಸಿ. ಅವುಗಳ ಗೆರೆ ಅಗಲ, 3 ಮಿಲ್ (ಇಂಚಿನ ಸಾವಿರದಲ್ಲಿ ಮೂರು ಪಾಲು) ಸೂಜಿ ಬೇಕು. ಎಲ್‌ಪಿ ಸೂಜಿ ಗೆರೆಯ ತಳದಲ್ಲಿ ಕಸ ಕೆರೆಯುತ್ತಾ ಹೋಗುತ್ತದೆ. ವಿಎಂ95ಕ್ಕೆ 78ರ ಸೂಜಿಯೂ ಬರುತ್ತದೆ. ಥೋರೆನ್ಸ್‌ನಲ್ಲಿ 78ರ ವೇಗ ಇಲ್ಲ, ನಿಮಗೆ ಕೊಡುತ್ತೇನೆ ಅಂದ ಟೆಕ್ನಿಕ್ಸ್‌ನಲ್ಲೂ ಇಲ್ಲ. ಆ ಸೂಜಿ ಹಾಕಿ 45ರಲ್ಲಿ ಓಡಿಸಿ, ಕಂಪ್ಯೂಟರಿಗೆ ರೆಕಾರ್ಡ್ ಮಾಡಿಕೊಂಡು, ಅಲ್ಲಿ 1.73 ಪಟ್ಟು ವೇಗ ಮಾಡಿದರೆ ಹಾಡು ಸಿಗುತ್ತದೆ. ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಇದು ಆಗುತ್ತದೆ.

ಮೇ ತಿಂಗಳ ಗುಡುಗಿಗೆ ಎಲ್ಲ ಪ್ಲಗ್ಗುಗಳನ್ನೂ ಗೋಡೆಯಿಂದಲೇ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಆಂಪ್ಲಿಫೈಯರಿಗೆ ಟಿವಿ ಅಥವಾ ಡಿಶ್ಶಿನ ತಂತಿ ಬಂದಿದ್ದರೆ ಅದನ್ನೂ. ಟರ್ನ್‌ಟೇಬಲಿನಿಂದ ಬರುವ ತೆಳು ಅರ್ತ್ ತಂತಿ ಆಂಪ್ಲಿಫೈಯರಿನ ಗ್ರೌಂಡ್ ಸ್ಕ್ರೂವಿಗೆ ಸೇರಿದೆಯಾ ನೋಡಿ. ಸೇರದಿದ್ದರೆ ಹಮ್ ಬರುತ್ತದೆ.

ಟೆಕ್ನಿಕ್ಸ್ ಬಗ್ಗೆ. ಎಂಕೆ2 ಬಂದಿದ್ದು 1979ರಲ್ಲಿ. ಬೆಲ್ಟ್ ಇಲ್ಲ, ಕ್ವಾರ್ಟ್ಜ್ ಹರಳು ವೇಗವನ್ನು ಹಿಡಿದಿಡುತ್ತದೆ. ಮನೆಯ ಕರೆಂಟಿನ ಹರ್ಟ್ಸ್ ಏನೇ ಆದರೂ ತಂಬೂರಿ ಅಲುಗುವುದಿಲ್ಲ. ನಿಮ್ಮ ಕೇಳುವ ಕೋಣೆ ಉಪ್ಪರಿಗೆಯಲ್ಲೇ ಇರಬೇಕು, ಕರೆಂಟಿನ ಕಾಟವೂ ಜಾಸ್ತಿ ಅಂದರೆ ಅದೇ ನಿಮಗೆ ಸರಿ. ಹಾಗೆ ಹೇಳಲು ನನಗೆ ಹಿಂಜರಿಕೆಯಿಲ್ಲ. ಪಡಸಾಲೆಯಲ್ಲಿ ಗಟ್ಟಿ ಜಾಗ ಇದೆ ಅಂದರೆ ವೇಗ ಸರಿಹೋದ ಥೋರೆನ್ಸ್ ಸಾಕು, ಆ ದುಡ್ಡನ್ನು ಸೂಜಿಗೂ ಫೋಮಿಗೂ ಹಾಕಿ. ಎರಡನ್ನೂ ಹೋಲಿಸಿ ನೋಡುವುದಾದರೆ ಒಂದೇ ಕಾರ್ಟ್ರಿಜ್ ಎರಡಕ್ಕೂ ಹಾಕಿ ಕೇಳಬೇಕು. ಇಲ್ಲದಿದ್ದರೆ ನೀವು ಹೋಲಿಸುವುದು ಕಾರ್ಟ್ರಿಜ್ಜುಗಳನ್ನು.

ಅವರು ಕಾಯಲು ಒಪ್ಪದೆ, ಈಗಲೇ ಹೋಗಿ ನೋಡುವ ಸಂದರ್ಭ ಬಂದರೆ ಮೊದಲು ಹಿಂಬದಿಯ ವೋಲ್ಟೇಜ್ ಬರಹ ಓದಿ. ಜಪಾನಿನ ಮನೆಬಳಕೆಯದಾದರೆ 100 ವೋಲ್ಟ್ ಇರುತ್ತದೆ, ನೇರ 230ಕ್ಕೆ ಚುಚ್ಚಿದರೆ ಸುಡುತ್ತದೆ. ಟೋನ್‌ಆರ್ಮನ್ನು ಹಗುರವಾಗಿ ಹಿಡಿದು ಮುಂದೆ ಹಿಂದೆ ಆಡಿಸಿ, ಬೇರಿಂಗಿನಲ್ಲಿ ಟಿಕ್ ಅಂತ ಸಡಿಲ ಸಿಕ್ಕಿದರೆ ಅದು ಡಿಜೆ ಕೈಯಲ್ಲಿ ಸವೆದ ಯಂತ್ರ. ಓಡಿಸಿ ಅಂಚಿನ ದೊಡ್ಡ ಚುಕ್ಕೆಗಳ ಸಾಲನ್ನು ಕೆಂಪು ದೀಪದಲ್ಲಿ ನೋಡಿ, ಪಿಚ್ ಸೊನ್ನೆಯಲ್ಲಿದ್ದಾಗ ಅವು ನಿಂತಲ್ಲೇ ನಿಲ್ಲಬೇಕು. ನಿಲ್ಲದಿದ್ದರೆ, ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ ಅನ್ನಿ.